ಶಕ್ತಿಯೂ ಸಾಗಣೆಯೂ

ಕಾರ್ಖಾನೆಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಯಂತ್ರಗಳ ಸಾಲು, ಕೆಲಸಗಾರರ ಗುಂಪು, ಮುಗಿಲಿಗೆ ಚಾಚಿದ ಹೊಗೆಕೊಳವೆ. ಆದರೆ ಗೋಡೆಯೊಳಗೆ ನಡೆಯುವುದು ಅದರ ಅರ್ಧ ಚರಿತ್ರೆ ಮಾತ್ರ. ಯಂತ್ರವನ್ನು ತಿರುಗಿಸುವ ಶಕ್ತಿ ಎಲ್ಲಿಂದ ಬರುತ್ತದೆ, ಸಿದ್ಧವಾದ ಸರಕು ಯಾವ ದಾರಿಯಲ್ಲಿ ಹೋಗುತ್ತದೆ ಎಂಬೆರಡು ಪ್ರಶ್ನೆಗಳನ್ನು ಕೇಳಿದಾಗಲೇ ಉಳಿದರ್ಧ ತಿಳಿಯುವುದು. ಈ ಎರಡನ್ನೂ ಒಟ್ಟಿಗೆ ಆಲೋಚಿಸದೆ ಕೈಗಾರಿಕೆಯ ಸೀಮೆಯೊಂದನ್ನು ಕಟ್ಟಲಾಗದೆಂಬುದೇ ಈ ಹೊತ್ತು ನಾವು ತಮ್ಮಲ್ಲಿ ಅರಿಕೆಮಾಡಬೇಕೆಂದಿರುವ ಮಾತು.

ನಮ್ಮ ನಾಡಿಗೆ ಈ ಪಾಠ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿಯ ಬಲವು ಸುಮಾರು 92 ಮೈಲಿಗಳ ತಂತಿಯನ್ನು ದಾಟಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಶಕ್ತಿ ಹುಟ್ಟಿದೆಡೆಯಲ್ಲಿಯೇ ಕೆಲಸವೂ ನಡೆಯಬೇಕೆಂಬ ನಿರ್ಬಂಧ ಅಂದಿಗೆ ಕಳಚಿತು. ಚಿನ್ನವಾದರೋ ತೂಕದಲ್ಲಿ ಅಲ್ಪ, ಬೆಲೆಯಲ್ಲಿ ಅಧಿಕ; ಅದರ ಸಾಗಣೆ ದೊಡ್ಡ ತೊಡಕಲ್ಲ. ಭದ್ರಾವತಿಯ ಸಂಗತಿ ಬೇರೆ. 1923ರಲ್ಲಿ ಕೆಲಸಕ್ಕೆ ತೊಡಗಿದ ಅಲ್ಲಿನ ಕಬ್ಬಿಣದ ಕಾರ್ಖಾನೆ, ಹತ್ತಿರದಲ್ಲಿ ಕಲ್ಲಿದ್ದಲಿಲ್ಲದ ಕಾರಣ, ಕಟ್ಟಿಗೆಯ ಇದ್ದಲನ್ನು ನೆಚ್ಚಬೇಕಾಯಿತು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಇಳಿಯಬೇಕು. ಕಟ್ಟಿಗೆ ಅಡವಿಯಿಂದ ಬರಬೇಕು. ಕುಲುಮೆಯ ಚಿಂತೆಯಷ್ಟೇ ದಾರಿಯ ಚಿಂತೆಯೂ ಅಲ್ಲಿ ಭಾರವಾಗಿತ್ತು. ಜೋಗದ ವಿದ್ಯುತ್ತು ದೊರೆತ ಬಳಿಕ, 1952ರಲ್ಲಿ, ವಿದ್ಯುತ್ ಕುಲುಮೆಗಳು ಬಂದು, ಅದಿರು ಕರಗಿಸುವ ಶಾಖವನ್ನು ನೀರಿನ ಬಲದಿಂದಲೇ ಪಡೆಯುವಂತಾಯಿತು.

ಈಗ ತುಮಕೂರು ಜಿಲ್ಲೆಯ ಕಡೆಗೆ ನೋಡೋಣ. ಅದರ ಉತ್ತರದ ತುದಿಯಲ್ಲಿ, ಮಳೆ ಕಾಣದೆ ಬಳಲಿದ ಪಾವಗಡದ ಸೀಮೆಯಲ್ಲಿ, ಸುಮಾರು 13,000 ಎಕರೆ ನೆಲದ ಮೇಲೆ ಬಿಸಿಲಿನಿಂದ ವಿದ್ಯುತ್ತನ್ನು ತೆಗೆಯುವ ಫಲಕಗಳು ಹರಡಿವೆ. 2019ರ ಕೊನೆಗೆ ಅದರ ಸಾಮರ್ಥ್ಯ 2,050 ಮೆಗಾವಾಟ್ ಮುಟ್ಟಿತು. ಅದೇ ಜಿಲ್ಲೆಯ ವಸಂತನರಸಾಪುರದ ಬಳಿ 8,484 ಎಕರೆಗಳ ಕೈಗಾರಿಕಾ ನಗರಕ್ಕೆ 2023ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿದ್ದಿತು. ಒಂದೇ ಜಿಲ್ಲೆಯಲ್ಲಿ ಶಕ್ತಿಯ ಬಯಲೂ ಕಾರ್ಖಾನೆಗಳ ನೆಲೆಯೂ ಕೂಡಿಬಂದಿರುವುದು ಅಪೂರ್ವ ಯೋಗವೇ ಸರಿ.

ಆದರೆ ಯೋಗ ಬೇರೆ, ಯೋಜನೆ ಬೇರೆ. ಮೊದಲನೆಯದಾಗಿ, ಸೂರ್ಯನು ಸಂಜೆಗೆ ಮುಳುಗುವನು. ಕಾರ್ಖಾನೆಯ ರಾತ್ರಿಪಾಳಿ ಮುಳುಗದು. ಅಣೆಕಟ್ಟೆಯ ನೀರನ್ನು ಹಗಲು ತಡೆದು ಇರುಳಿಗೆ ಬಿಡಬಹುದು. ಬಿಸಿಲನ್ನು ಹಾಗೆ ತಡೆಯಲಾಗದು. ಆದಕಾರಣ ಹಗಲಿನ ಶಕ್ತಿಯನ್ನು ಬ್ಯಾಟರಿಗಳಲ್ಲಿ ಕೂಡಿಡುವ, ಇಲ್ಲವೆ ಜಲವಿದ್ಯುತ್ತನ್ನು ಇರುಳಿಗೆಂದು ಮೀಸಲಿಡುವ ಏರ್ಪಾಡು ಮೊದಲೇ ಆಗಬೇಕು.

ಎರಡನೆಯದು ಸಾಗಣೆ. ವಿದ್ಯುತ್ತು ತಂತಿಯಲ್ಲಿ ಹರಿಯುವುದು. ಉಕ್ಕಿನ ತಗಡು, ಯಂತ್ರದ ಭಾಗ, ಧಾನ್ಯದ ಮೂಟೆ ತಂತಿಯಲ್ಲಿ ಹರಿಯಲಾರವು. ಬಿಸಿಲಿನಿಂದ ನಡೆದ ಕಾರ್ಖಾನೆಯ ಸರಕು ಡೀಸೆಲ್ ಲಾರಿಗಳಲ್ಲಿ ಹೆದ್ದಾರಿ ತುಂಬ ಹೊಗೆಯುಗುಳುತ್ತ ಹೋಗುವುದಾದರೆ, ನಾವು ಹೊಗೆಯನ್ನು ಅಂಗಳದಿಂದ ಬೀದಿಗೆ ದೂಡಿದಂತಾಯಿತೇ ಹೊರತು ನೀಗಿದಂತಾಗಲಿಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ತಡೆ ಅತ್ಯಲ್ಪವಾದುದರಿಂದ, ಅದೇ ಭಾರವನ್ನು ರೈಲು ಬಹಳ ಕಡಮೆ ಶಕ್ತಿಯಿಂದ ಎಳೆಯುತ್ತದೆ. ಆ ಶಕ್ತಿ ವಿದ್ಯುತ್ತೇ ಆಗಬಹುದು. ಆದರೆ ತುಮಕೂರಿನಿಂದ ಸಿರಾ, ಚಿತ್ರದುರ್ಗಗಳ ಮಾರ್ಗವಾಗಿ ದಾವಣಗೆರೆಗೆ ಹೋಗಬೇಕಾದ, 2011-12ರಲ್ಲಿ ಮಂಜೂರಾದ ರೈಲುದಾರಿ, ಮೇಲೆ ಹೇಳಿದ ಅಡಿಗಲ್ಲು ಬಿದ್ದಾಗಲೂ ಮುಗಿದಿರಲಿಲ್ಲ. ನಿವೇಶನಗಳನ್ನು ಹಂಚಿದ ಮೇಲೆ ಹಳಿಗೆ ಜಾಗ ಹುಡುಕುವುದು ಮನೆ ಕಟ್ಟಿಯಾದ ಮೇಲೆ ಬಾಗಿಲಿಗೆ ಗೋಡೆ ಒಡೆದಂತೆ. ಕಾರ್ಖಾನೆಗಳ ಬಳಿಗೆ ಬರುವ ಕವಲುಹಳಿ, ಸರಕು ಏರಿಸಿ ಇಳಿಸುವ ಕಟ್ಟೆ, ಉಗ್ರಾಣ, ಇವಕ್ಕೆ ನಕ್ಷೆಯಲ್ಲಿ ಮೊದಲೇ ಸ್ಥಳ ಬಿಡಬೇಕು.

ಕಡೆಯ ಮಾತು ಜನರದು. ಪಾವಗಡದಲ್ಲಿ ನೆಲವನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಹಿಡಿಯಲು ತೊಡಗಿದರು. ರೈತನ ಒಡೆತನ ಉಳಿಯಿತು. ಇದು ಮೆಚ್ಚತಕ್ಕ ಮಾರ್ಗ. ಆದರೆ ಹೊಲವಿಲ್ಲದೆ ಪರರ ಹೊಲದಲ್ಲಿ ಕೂಲಿ ಮಾಡಿ ಬದುಕುತ್ತಿದ್ದವನಿಗೆ ಗುತ್ತಿಗೆಯ ಹಣವೂ ಇಲ್ಲ, ಮೊದಲಿನ ಕೂಲಿಯೂ ಇಲ್ಲ. ಫಲಕಗಳಿಗೆ ಕಳೆ ಕೀಳುವವರು ಬೇಡ, ಕೊಯ್ಲಿನವರು ಬೇಡ. ಅಂಥವನ ಮಕ್ಕಳಿಗೆ ಯಂತ್ರದ ಕೆಲಸ ಕಲಿಸಿ ವಸಂತನರಸಾಪುರದ ಕಾರ್ಖಾನೆಯ ಬಾಗಿಲನ್ನು ತೆರೆಯಿಸುವುದೂ ಯೋಜನೆಯ ಅಂಗವೇ ಆಗಬೇಕಲ್ಲದೆ ದಾನವೆನಿಸಬಾರದು. ಶಕ್ತಿ, ಸಾಗಣೆ, ಜನ, ಈ ಮೂರನ್ನೂ ಒಂದೇ ನಕ್ಷೆಯ ಮೇಲೆ ಬರೆಯಬಲ್ಲವರನ್ನೇ ನಾವು ದೂರದರ್ಶಿಗಳೆಂದು ಕರೆಯುವೆವು.