ಆಟದ ಬಯಲಿನಲ್ಲಿ ಯಾರ ಜಾಗ ಎಲ್ಲಿ?



ಭಾನುವಾರ ಬೆಳಿಗ್ಗೆ ಬಳ್ಳಾರಿ ನಗರದ ಯಾವುದಾದರೂ ಬಯಲಿಗೆ ಹೋಗಿ ನೋಡಿ. ಸಿರುಗುಪ್ಪದಲ್ಲಾದರೆ ಭತ್ತ ಕೊಯ್ದ ಗದ್ದೆ. ಕುರುಗೋಡಿನಲ್ಲಾದರೆ ಗುಡ್ಡದ ಬುಡದ ಬಯಲು. ಟೆನಿಸ್ ಚೆಂಡಿನ ಕ್ರಿಕೆಟ್ ನಡೆದಿರುತ್ತದೆ. ಬ್ಯಾಟು ತಂದ ಹುಡುಗನೇ ಮೊದಲು ಬ್ಯಾಟ್ ಹಿಡಿಯುತ್ತಾನೆ. ಚೆಂಡಿಗೆ ದುಡ್ಡು ಹಾಕಿದವನು ನಾಯಕ. ಬರಿಗೈಯಲ್ಲಿ ಬಂದವನಿಗೆ ಬೌಲಿಂಗ್, ಇಲ್ಲವೇ ಬೇಲಿಯ ಹತ್ತಿರ ಚೆಂಡು ಕಾಯುವ ಕೆಲಸ. ಇದು ಅನ್ಯಾಯವೆಂದು ಯಾರಿಗೂ ಅನಿಸುವುದಿಲ್ಲ. ಆಟದ ಪದ್ಧತಿಯೇ ಹಾಗೆ ಎಂದು ಎಲ್ಲರೂ ಸುಮ್ಮನಿರುತ್ತಾರೆ. ಈ ಪದ್ಧತಿ ಎಲ್ಲಿಂದ ಬಂತು ಎಂಬುದೇ ಇಂದಿನ ವಿಷಯ.

ಈ ಪ್ರಶ್ನೆಯನ್ನು ಹೆಚ್ಚು ಆಳವಾಗಿ ಕೆದಕಿದವರು ಅಮೆರಿಕದವರು. ಅಲ್ಲಿನ ಫುಟ್‌ಬಾಲ್ ನಾವು ಬಲ್ಲ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಆಟ. ಒಂದೊಂದು ಕಡೆ 11 ಮಂದಿ, ಪ್ರತಿಯೊಬ್ಬನಿಗೂ ಗೊತ್ತುಪಡಿಸಿದ ಜಾಗ. ನಡುವೆ ನಿಂತು ಆಟವನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್. ಚೆಂಡು ಹಿಡಿಯಲು ಅಂಚಿನಲ್ಲಿ ಓಡುವವನು ರಿಸೀವರ್. ಅವನನ್ನು ತಡೆಯಲು ಬೆನ್ನಟ್ಟುವವನು ಕಾರ್ನರ್‌ಬ್ಯಾಕ್.

ಅಲ್ಲಿನ ವೃತ್ತಿಪರ ಲೀಗಿನಲ್ಲಿ 1934ರಿಂದ 1945ರವರೆಗೆ ಒಬ್ಬನೇ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. 1946ರಲ್ಲಿ ಬಾಗಿಲು ತೆರೆಯಿತು. ಆದರೆ ಒಳಗೆ ಬಂದವರನ್ನು ಎಲ್ಲಿ ನಿಲ್ಲಿಸಿದರು? 1970ರಲ್ಲಿ ಜಾನ್ ಲಾಯ್ ಮತ್ತು ಜೋಸೆಫ್ ಮ್ಯಾಕೆಲ್ವೋಗ್ ಎಂಬ ವಿದ್ವಾಂಸರು ಲೆಕ್ಕ ಹಾಕಿ ನೋಡಿದರು. ಯೋಚಿಸಿ ಆಟ ನಡೆಸುವ ನಡುವಿನ ಜಾಗಗಳಲ್ಲಿ ಬಹುಪಾಲು ಬಿಳಿಯರು. ಓಡುವ, ಹಾರುವ ಅಂಚಿನ ಜಾಗಗಳಲ್ಲಿ ಕಪ್ಪು ಜನ ಕಿಕ್ಕಿರಿದಿದ್ದರು. ಇದಕ್ಕೆ ‘ಸ್ಟ್ಯಾಕಿಂಗ್’ ಎಂಬ ಹೆಸರು ಬಿತ್ತು. ಮೇವನ್ನು ಒಂದು ಮೂಲೆಯಲ್ಲಿ ಬಣವೆ ಒಟ್ಟಿದ ಹಾಗೆ, ಒಂದು ಜನಾಂಗವನ್ನು ಒಂದೇ ಕಡೆ ಒಟ್ಟುವುದು.

ವಾರನ್ ಮೂನ್ ಅವರ ಕಥೆ ಕೇಳಿ. ಕಾಲೇಜು ಆಟದಲ್ಲಿ ಮಿಂಚಿದ ಕಪ್ಪು ಕ್ವಾರ್ಟರ್‌ಬ್ಯಾಕ್. 1978ರಲ್ಲಿ ಲೀಗಿನ ಆಯ್ಕೆಯಲ್ಲಿ ಯಾವ ತಂಡವೂ ಅವರನ್ನು ಆರಿಸಲಿಲ್ಲ. ಮೂನ್ ಕೆನಡಾಕ್ಕೆ ಹೋದರು. ಎಡ್ಮಂಟನ್ ತಂಡ ಸತತ 5 ಬಾರಿ ಅಲ್ಲಿನ ಕಪ್ ಗೆದ್ದಿತು. 1984ರಲ್ಲಿ ಅಮೆರಿಕದ ಲೀಗೇ ಅವರನ್ನು ಕರೆಯಿತು. 1988ರ ಜನವರಿಯಲ್ಲಿ ಡಗ್ ವಿಲಿಯಮ್ಸ್ ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಆದರು. ಫೈನಲ್‌ನಲ್ಲಿ ಎರಡೂ ಕಡೆ ಕಪ್ಪು ಕ್ವಾರ್ಟರ್‌ಬ್ಯಾಕ್‌ಗಳು ಎದುರಾಗಲು 2023 ಬರಬೇಕಾಯಿತು. ಈಗಲೂ ಕಾರ್ನರ್‌ಬ್ಯಾಕ್ ಜಾಗದಲ್ಲಿ ಬಿಳಿಯರು ತೀರಾ ಅಪರೂಪ.

ಇದು ದೂರದ ಊರಿನ ಮಾತಾಯಿತು ಎನ್ನಬೇಡಿ. ಪಲ್ವಂಕರ್ ಬಾಲೂ ಹುಟ್ಟಿದ್ದು 1876ರಲ್ಲಿ, ಧಾರವಾಡದಲ್ಲಿ. ಚಮ್ಮಾರ ಕುಟುಂಬ, ತಂದೆ ಸೈನ್ಯದ ಕೆಲಸದಲ್ಲಿದ್ದರು. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ ಸರಿಪಡಿಸುವ, ಬಲೆ ಕಟ್ಟುವ ಕೆಲಸ ಬಾಲೂ ಅವರದಾಗಿತ್ತು. ಅಭ್ಯಾಸಕ್ಕೆ ಬರುವ ಅಧಿಕಾರಿಗಳಿಗೆ ಗಂಟೆಗಟ್ಟಲೆ ಎಡಗೈ ಸ್ಪಿನ್ ಹಾಕಿದರು. ಆದರೆ ಅಲ್ಲಿ ಬ್ಯಾಟ್ ಹಿಡಿಯುವ ಅವಕಾಶ ಮಾತ್ರ ಸಿಗಲಿಲ್ಲ ಎಂದು ಇತಿಹಾಸಕಾರ ರಾಮಚಂದ್ರ ಗುಹಾ ಬರೆದಿದ್ದಾರೆ. ಬ್ಯಾಟಿಂಗ್ ದೊಡ್ಡವರ ಸೊತ್ತು, ಬೆವರು ಸುರಿಸುವ ಬೌಲಿಂಗ್ ಆಳಿನ ಪಾಲು.

ಆ ಬೌಲಿಂಗೇ ಬಾಲೂ ಅವರನ್ನು ಹಿಂದೂ ತಂಡಕ್ಕೆ ಕರೆತಂದಿತು. ಬಯಲಿನಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ, ಬೇರೆ ಮಣ್ಣಿನ ಕುಡಿಕೆ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು ಕಿತ್ತ ವಿಕೆಟ್ 114. ಹೀಗಿದ್ದೂ ಹಿಂದೂ ತಂಡದ ನಾಯಕ ಪಟ್ಟ ಅವರಿಗೆ ಒಲಿಯಲಿಲ್ಲ. 1923ರಲ್ಲಿ ತಮ್ಮ ವಿಠ್ಠಲ್ ನಾಯಕರಾದರು, ತಂಡ ಗೆದ್ದಿತು. ಅಣ್ಣನಿಗೆ ಇಲ್ಲದ ಬುದ್ಧಿ ತಮ್ಮನಿಗೆ ಒಮ್ಮೆಲೇ ಬಂದಿತೇ? ಬದಲಾಗಿದ್ದು ಆಯ್ಕೆ ಮಾಡುವವರ ಕಣ್ಣು.

ದಕ್ಷಿಣ ಆಫ್ರಿಕಾದಲ್ಲೂ ಇದೇ ಸಾಲು. ಅಲ್ಲಿನ ಮೊದಲ ಕಪ್ಪು ಆಫ್ರಿಕನ್ ಟೆಸ್ಟ್ ಆಟಗಾರ ಮಖಾಯಾ ಎನ್ಟಿನಿ, 1998ರಲ್ಲಿ ಬಂದ ವೇಗದ ಬೌಲರ್. ಆ ಸಮುದಾಯದ ಬ್ಯಾಟ್ಸ್‌ಮನ್ ಒಬ್ಬರು ಟೆಸ್ಟ್ ಶತಕ ಹೊಡೆದದ್ದು 2016ರಲ್ಲಿ. ಅವರು ತೆಂಬಾ ಬವುಮಾ. 2025ರಲ್ಲಿ ಲಾರ್ಡ್ಸ್‌ನಲ್ಲಿ ವಿಶ್ವ ಟೆಸ್ಟ್ ಕಿರೀಟ ಗೆದ್ದ ತಂಡದ ನಾಯಕರೂ ಅವರೇ.

ಇನ್ನೊಂದು ಬಗೆ ಇದೆ. ಅದು ಹೊಗಳಿಕೆಯ ವೇಷದಲ್ಲಿ ಬರುತ್ತದೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಅಥ್ಲೆಟಿಕ್ಸ್ ತರಬೇತಿಗೆ ಆರಿಸಿಕೊಂಡಿತು. ಆಫ್ರಿಕಾ ಮೂಲದವರು, ಹಾಗಾಗಿ ಓಡುವುದು ರಕ್ತದಲ್ಲೇ ಇದೆ ಎಂಬುದು ಲೆಕ್ಕಾಚಾರ. ಕೆಲವರು ಪದಕವನ್ನೂ ತಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಮಕ್ಕಳು ಕಾಡಿನ ಅಂಚಿನ ಊರುಗಳಿಗೆ ಮರಳಿದರು. ‘ಹುಟ್ಟು ಓಟಗಾರ’ ಎಂದವರಿಗೆ ಅವರ ಊಟ, ಓದು, ನೌಕರಿ ನೆನಪಾಗಲಿಲ್ಲ.

ಹಾಗಾದರೆ ಸಮುದಾಯಗಳ ನಡುವೆ ವ್ಯತ್ಯಾಸವೇ ಇಲ್ಲವೇ? ವ್ಯತ್ಯಾಸ ಇರುವುದು ಹೆಚ್ಚಾಗಿ ಜೇಬಿನಲ್ಲಿ, ಅವಕಾಶದಲ್ಲಿ. ಬೌಲಿಂಗ್ ಕಲಿಯಲು ಒಂದು ಚೆಂಡು, ಒಂದು ಗೋಡೆ ಸಾಕು. ಬ್ಯಾಟಿಂಗ್‌ಗೆ ಬ್ಯಾಟು, ಪ್ಯಾಡು, ಗ್ಲೌಸು, ಬಲೆ, ಮೇಲಾಗಿ ಚೆಂಡು ಹಾಕಿಕೊಡುವ ಇನ್ನೊಬ್ಬ ಬೇಕು. ಅಮೆರಿಕದ ಹುಡುಗರು ತಮ್ಮ ಬಣ್ಣದವರು ಮೆರೆದ ಜಾಗವನ್ನೇ ತಾವೂ ಆರಿಸಿಕೊಂಡರು ಎಂಬ ವಾದವೂ ಇದೆ. ಆದರೆ ಒಂದು ಬಾಗಿಲು ಮುಚ್ಚಿದಾಗ ತೆರೆದ ಬಾಗಿಲಿನತ್ತ ಹೋಗುವುದನ್ನು ಪೂರ್ತಿ ಸ್ವಂತ ಆಯ್ಕೆ ಎನ್ನಲಾಗದು.

ಬಳ್ಳಾರಿ ಜಿಲ್ಲೆಗೆ ಈ ಮಾತು ಹೊರಗಿನದಲ್ಲ. ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ದೊಡ್ಡ ಕ್ರೀಡಾ ಸಂಸ್ಥೆ ಇದೆ. ಆದರೆ ಅಲ್ಲಿಗೆ ತಲುಪುವ ಮೊದಲೇ ಮಗುವಿನ ಜಾಗ ಶಾಲೆಯ ಬಯಲಿನಲ್ಲಿ ನಿಗದಿಯಾಗಿಬಿಟ್ಟಿರುತ್ತದೆ. ಸಿರುಗುಪ್ಪ, ಕುರುಗೋಡಿನ ದೈಹಿಕ ಶಿಕ್ಷಕರು ಇದಕ್ಕಾಗಿ ಸರ್ಕಾರದ ಆದೇಶ ಕಾಯಬೇಕಿಲ್ಲ. ಶಾಲೆಯ ಬ್ಯಾಟು ಶಾಲೆಯದಾಗಿರಲಿ, ಸರದಿಯ ಮೇಲೆ ಎಲ್ಲರ ಕೈಗೂ ಬರಲಿ. ವಾರಕ್ಕೊಬ್ಬ ನಾಯಕನಾಗಲಿ. ಬೇಲಿಯ ಹತ್ತಿರ ನಿಂತ ಹುಡುಗನನ್ನು ಒಂದು ದಿನ ಕರೆದು ಕ್ರೀಸಿನಲ್ಲಿ ನಿಲ್ಲಿಸಿ. ಅವನು ಮೊದಲ ಚೆಂಡಿಗೇ ಔಟಾದರೂ ಚಿಂತೆಯಿಲ್ಲ. ಎರಡನೆಯ ವಾರವೂ ಅವನಿಗೆ ಬ್ಯಾಟು ಕೊಡಿ.