ಶಾಲೆಗೆ ಹೋಗುವ ನಮ್ಮ ಮಕ್ಕಳು

(ಶತಮಾನೋತ್ಸವದ ಅಂಗವಾಗಿ ಜರುಗಿದ ತಂದೆತಾಯಿಯರ ಸಭೆಯಲ್ಲಿ ಮಾಡಿದ ಭಾಷಣ)



ನೂರು ವರ್ಷಗಳ ಹಿಂದೆ ಈ ದೇವಾಲಯಕ್ಕೆ ಅಡಿಗಲ್ಲನ್ನಿಟ್ಟ ಹಿರಿಯರನ್ನು ಈ ವಾರವೆಲ್ಲ ಕೃತಜ್ಞತೆಯಿಂದ ಸ್ಮರಿಸಿದ್ದೇವೆ. ಅವರು ಕಟ್ಟಿದ ಗೋಡೆಗಳಿಗೆ ಸುಣ್ಣ ಬಳಿದಿದ್ದೇವೆ, ಗಂಟೆಗೋಪುರಕ್ಕೆ ದೀಪಮಾಲೆ ತೊಡಿಸಿದ್ದೇವೆ. ಆದರೆ ಮುಂದೆ ಈ ಬೆಂಚುಗಳಲ್ಲಿ ಕುಳಿತುಕೊಳ್ಳಬೇಕಾದವರು ಸೋಮವಾರ ಬೆಳಗಾದೊಡನೆ ಪುಸ್ತಕದ ಚೀಲ ಹೊತ್ತು ಶಾಲೆಗೆ ಹೊರಡುತ್ತಾರೆ. ಅಲ್ಲಿ ಅವರ ವಿಶ್ವಾಸ ಏನಾಗುತ್ತದೆ ಎಂಬುದೇ ನನಗೆ ಕೊಟ್ಟಿರುವ ವಿಷಯ.

ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಉಪಾಧ್ಯಾಯನಾಗಿದ್ದವನು. ಒಂದು ವಿಭೂತಿ ಬುಧವಾರದ ದಿನ, ಬೆಳಗಿನ ಪೂಜೆಯಲ್ಲಿ ಹಣೆಗೆ ವಿಭೂತಿ ಹಚ್ಚಿಸಿಕೊಂಡಿದ್ದ ಹುಡುಗನೊಬ್ಬ ಶಾಲೆಯ ನಲ್ಲಿಯ ಬಳಿ ನಿಂತು ಅದನ್ನು ತೊಳೆದುಕೊಳ್ಳುತ್ತಿದ್ದುದನ್ನು ಕಂಡೆ. ಅವನು ಬೇರೆ ಯಾರೂ ಅಲ್ಲ, ನನ್ನ ಮಗನೇ. ಏಕೆಂದು ಕೇಳಿದಾಗ, "ಒಲೆಯ ಬೂದಿಯೇನೋ ಅಂತ ನಗುತ್ತಾರಪ್ಪ. ಏನು ಹೇಳಬೇಕೋ ನನಗೆ ಗೊತ್ತಿಲ್ಲ" ಎಂದ. ರೇಗಲು ಬಾಯಿ ತೆರೆದವನು ಸುಮ್ಮನಾದೆ. ಪ್ರತಿ ವರ್ಷವೂ ಅವನ ಕೈಹಿಡಿದು ಬಲಿಪೀಠದ ಬಳಿಗೆ ಕರೆದೊಯ್ದಿದ್ದೆ. ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಸುಟ್ಟು ಮಾಡಿದ ಬೂದಿ ಅದು, ಮನುಷ್ಯನು ಮಣ್ಣೆಂಬುದನ್ನು ನೆನಪಿಸಿ ಪಶ್ಚಾತ್ತಾಪಕ್ಕೆ ಕರೆಯುವ ಗುರುತು ಅದು ಎಂಬ ಎರಡು ಮಾತನ್ನು ಮಾತ್ರ ಒಮ್ಮೆಯೂ ಹೇಳಿರಲಿಲ್ಲ. ವಿಭೂತಿ ಧರಿಸುವ ಶಿವಭಕ್ತರು ನೆರೆಮನೆಯಲ್ಲೇ ಇರುವ ನಾಡಿನಲ್ಲಿ ಇದನ್ನು ಸಹಪಾಠಿಗಳಿಗೆ ವಿವರಿಸುವುದು ಕಷ್ಟವೇನೂ ಅಲ್ಲ. ಊರ ಮಕ್ಕಳಿಗೆಲ್ಲ ಪಾಠ ಹೇಳಿದ ನಾನು ಮನೆಯ ಮಗನಿಗೆ ಹೇಳದೆ ಹೋದೆ. ಅಂದು ಸಂಜೆ ಕುಳಿತು ಹೇಳಿದೆ. ಮರುವರ್ಷ ಅವನು ತೊಳೆದುಕೊಂಡನೋ ಇಲ್ಲವೋ, ನಾನು ಕೇಳಲಿಲ್ಲ.

ಮಕ್ಕಳು ವಿಶ್ವಾಸವನ್ನು ಬಚ್ಚಿಡುವುದು ಹೆಚ್ಚಾಗಿ ವಿಶ್ವಾಸವಿಲ್ಲದೆ ಅಲ್ಲ, ಮಾತು ಇಲ್ಲದೆ. ಆ ಮಾತನ್ನು ಕೊಡಬೇಕಾದವರು ಯಾರು? 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ 6ರಿಂದ 8ನೆಯ ತರಗತಿಯ ಮಕ್ಕಳಿಗೆ ವರ್ಷಕ್ಕೆ 220 ದಿನ, 1,000 ಗಂಟೆಗಳ ಬೋಧನೆ ಆಗಬೇಕು. ನಮ್ಮ ಜ್ಞಾನೋಪದೇಶ ಭಾನುವಾರಕ್ಕೊಂದು ಗಂಟೆ. ಪರೀಕ್ಷೆ, ರಜೆ, ನೆಂಟರ ಮದುವೆಗಳನ್ನು ಕಳೆದರೆ ವರ್ಷಕ್ಕೆ 40 ಗಂಟೆ ದಕ್ಕುವುದೂ ಕಷ್ಟ. ಇಷ್ಟರಲ್ಲಿ ಕನ್ಯಾಸ್ತ್ರೀಯರು ಏನು ತಾನೆ ಮಾಡಿಯಾರು? ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಪ್ರಕಟಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ, ಮಕ್ಕಳ ಮೊದಲ ಹಾಗೂ ಪ್ರಮುಖ ಶಿಕ್ಷಕರು ತಂದೆತಾಯಿಗಳೇ ಎಂದು ಸಾರಿದೆ. 1784ರಲ್ಲಿ ಕೆನರಾದಿಂದ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲ್ಪಟ್ಟ ಕಥೋಲಿಕರನ್ನು ನೆನೆಯಿರಿ. 1799ರವರೆಗಿನ ಆ 15 ವರ್ಷಗಳಲ್ಲಿ ಹುಟ್ಟಿ ಬೆಳೆದ ಕೂಸುಗಳು ತಾಯಂದಿರ ಬಾಯಿಂದಲ್ಲದೆ ಮತ್ತೆಲ್ಲಿಂದ ಪ್ರಾರ್ಥನೆ ಕಲಿತಾವು?

"ನಿಮ್ಮದು ಇಂಗ್ಲಿಷರು ತಂದ ಮತ" ಎಂಬ ಮಾತನ್ನು ನಮ್ಮ ಮಕ್ಕಳು ಇಂದಿಗೂ ಕೇಳುತ್ತಾರೆ. ಇಂಗ್ಲಿಷರು ಶ್ರೀರಂಗಪಟ್ಟಣವನ್ನು ಗೆದ್ದದ್ದು 1799ರಲ್ಲಿ. ಇಟಲಿಯ ಯೇಸುಸಭೆಯ ಗುರುಗಳಾದ ಚಿನ್ನಮಿಯವರು ಮೈಸೂರು ಸೀಮೆಗೆ ಬಂದು ಕನ್ನಡ ಕಲಿತದ್ದು 17ನೆಯ ಶತಮಾನದ ನಡುಭಾಗದಲ್ಲಿ. ಸಂತ ತೋಮಸರು ಕ್ರಿ.ಶ. 52ರಲ್ಲಿ ಕೇರಳದ ಕರಾವಳಿಗೆ ಬಂದರೆಂಬ ಪರಂಪರೆ ಇನ್ನೂ ಪುರಾತನವಾದುದು. ಮಾತೆ ಮರಿಯಮ್ಮನವರ ವಿಷಯವೂ ಹೀಗೆಯೇ: ಆರಾಧನೆ ದೇವರೊಬ್ಬರಿಗೇ, ಮಾತೆಗೆ ಸಲ್ಲುವುದು ಗೌರವ, ಆಕೆಯಲ್ಲಿ ಬೇಡುವುದು ನಮಗಾಗಿ ಪ್ರಾರ್ಥಿಸೆಂದು. ಇಷ್ಟನ್ನು ಹತ್ತು ವರ್ಷದ ಮಗು ಹೇಳಬಲ್ಲದು.

ಪವಿತ್ರ ಗ್ರಂಥದಲ್ಲಿ ಶಾಲಾಬಾಲಕರ ಕಥೆಯೊಂದಿದೆ, ನಾವು ಅದನ್ನು ಹಾಗೆಂದು ಓದುವುದಿಲ್ಲ ಅಷ್ಟೆ. ದಾನಿಯೇಲನ ಗ್ರಂಥದ ಮೊದಲನೆಯ ಅಧ್ಯಾಯವನ್ನು ತೆರೆಯಿರಿ. ಬಾಬಿಲೋನಿನ ಅರಸನು ಸೆರೆಯ ಹುಡುಗರನ್ನು ಆರಿಸಿ ಮೂರು ವರ್ಷದ ವಿದ್ಯಾಭ್ಯಾಸಕ್ಕೆ ಇಟ್ಟನು. ದಾನಿಯೇಲನೂ ಅವನ ಮೂವರು ಗೆಳೆಯರೂ ಪರರ ಭಾಷೆಯನ್ನು, ಸಾಹಿತ್ಯವನ್ನು ಮನಸ್ಸಿಟ್ಟು ಕಲಿತರು. ಅಲ್ಲಿಟ್ಟ ಹೊಸ ಹೆಸರುಗಳನ್ನೂ ಸಹಿಸಿದರು. ಅರಮನೆಯ ಆಹಾರವೊಂದನ್ನು ಮಾತ್ರ ಒಲ್ಲೆನೆಂದರು. ಹೇಗೆಂಬುದನ್ನು ಗಮನಿಸಬೇಕು. ತಟ್ಟೆಯನ್ನು ಎಸೆಯಲಿಲ್ಲ, ಯಾರನ್ನೂ ಹಳಿಯಲಿಲ್ಲ. ಮೇಲಧಿಕಾರಿಯನ್ನು ವಿನಯದಿಂದ ಬೇಡಿಕೊಂಡು, ಹತ್ತು ದಿನ ಕಾಯಿಪಲ್ಯ ನೀರು ಕೊಟ್ಟು ಪರೀಕ್ಷಿಸಿ ನೋಡಿ ಎಂದರು. ಕೊನೆಗೆ ವಿದ್ಯೆಯಲ್ಲೂ ಅವರೇ ಮೇಲಾದರು. ಯಾವುದನ್ನು ಕಲಿಯಬೇಕು, ಯಾವುದನ್ನು ಸಹಿಸಬೇಕು, ಎಲ್ಲಿ ನಿಲ್ಲಬೇಕು ಎಂಬ ಈ ವಿವೇಕವನ್ನು ಅವರು ಬಾಬಿಲೋನಿಗೆ ಬರುವ ಮೊದಲೇ ಮನೆಯಲ್ಲಿ ಪಡೆದಿದ್ದರಲ್ಲವೇ?

ಪ್ರಸಾದದ ಪ್ರಶ್ನೆಯನ್ನು ಅನೇಕ ತಾಯಂದಿರು ನನ್ನಲ್ಲಿ ಕೇಳಿದ್ದಾರೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 8 ಮತ್ತು 10ನೆಯ ಅಧ್ಯಾಯಗಳಲ್ಲಿ ಇದನ್ನೇ ಚರ್ಚಿಸಿದ್ದಾರೆ. ಗೆಳೆಯನ ಮನೆಯಲ್ಲಿ ಬಡಿಸಿದ್ದನ್ನು ಪ್ರಶ್ನೆ ಮಾಡದೆ ಉಣ್ಣಬಹುದು. ಇದು ನೈವೇದ್ಯವೆಂದು ತಿಳಿಸಿದರೆ ಬಿಡಬೇಕು. ಬಿಡುವಾಗ, "ನಮ್ಮ ಮನೆಯಲ್ಲಿ ಈ ಪದ್ಧತಿ ಇಲ್ಲ, ಬೇಸರಪಡಬೇಡ" ಎಂದು ಕೈಮುಗಿದು ಹೇಳಲು ಮಗುವಿಗೆ ಕಲಿಸಿ. ಮುಖ ಸಿಂಡರಿಸಿ ಬೇಡವೆನ್ನುವ ಮಗು ವಿಶ್ವಾಸವನ್ನು ಕಾಪಾಡಿಕೊಳ್ಳಲಿಲ್ಲ, ಸ್ನೇಹಿತನನ್ನು ಕಳೆದುಕೊಂಡಿತು. ಕ್ರಿಸ್ತಜಯಂತಿಗೆ ನಾವು ಹಂಚುವ ಕಲ್ಕಲ್, ರೋಸ್ ಕುಕ್ಕಿಗಳನ್ನು ಅವರೆಲ್ಲ ಎಷ್ಟು ಸಂತೋಷದಿಂದ ತೆಗೆದುಕೊಳ್ಳುತ್ತಾರೆ!

ಶಾಲೆಯಲ್ಲಿ ನಡೆಯುವ ಪೂಜೆಯಲ್ಲಿ ಭಾಗವಹಿಸಲೇಬೇಕೆಂದು ಯಾರಾದರೂ ಒತ್ತಾಯಿಸಿದರೆ ಅಂಜಬೇಕಾಗಿಲ್ಲ. ಸರ್ಕಾರದ ಮನ್ನಣೆ ಅಥವಾ ಧನಸಹಾಯ ಪಡೆದ ಶಾಲೆಯಲ್ಲಿ, ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಸೇರಿಸಿಕೊಳ್ಳಕೂಡದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ನಮ್ಮ ಕ್ರೈಸ್ತ ಶಾಲೆಗಳಲ್ಲಿ ಓದುವ ಅನ್ಯಧರ್ಮೀಯ ಮಕ್ಕಳಿಗೂ ಅದೇ ವಿಧಿ ರಕ್ಷಣೆ ಕೊಡುತ್ತದೆ ಎಂಬುದನ್ನು ಮರೆಯಕೂಡದು. ಮುಖ್ಯೋಪಾಧ್ಯಾಯರನ್ನು ತಂದೆಯೋ ತಾಯಿಯೋ ಖುದ್ದಾಗಿ ಕಂಡು ಶಾಂತವಾಗಿ ಮಾತನಾಡಿದರೆ ಬಹುಪಾಲು ಸಂಗತಿ ಅಲ್ಲಿಗೇ ಮುಗಿಯುತ್ತದೆ. ಇದು ನನ್ನ ಅನುಭವ. ಆ ಹೊರೆಯನ್ನು ಮಾತ್ರ ಮಗುವಿನ ಹೆಗಲಿಗೆ ಹಾಕಬೇಡಿ.

ಕಡೆಯದಾಗಿ ಒಂದು ಬಿನ್ನಹ. ಮಕ್ಕಳು ಶಾಲೆಯಲ್ಲಿ ಎದುರಿಸಿದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಹಾಕಲು ದೇವಾಲಯದಲ್ಲಿ ಪೆಟ್ಟಿಗೆಯೊಂದನ್ನು ಇಡಲು ಗುರುಗಳು ಒಪ್ಪಿದ್ದಾರೆ. ಹೆಸರು ಬರೆಯಬೇಕಾಗಿಲ್ಲ. ತಿಂಗಳ ಕೊನೆಯ ಭಾನುವಾರ ಪೂಜೆಯಾದ ಮೇಲೆ ತಂದೆತಾಯಿಗಳೂ ಮಕ್ಕಳೂ ಒಟ್ಟಿಗೆ ಕುಳಿತು ಅವುಗಳಿಗೆ ಉತ್ತರ ಹುಡುಕೋಣ. ಪೆಟ್ಟಿಗೆ ಮುಂದಿನ ಭಾನುವಾರದಿಂದ ಜ್ಞಾನಸ್ನಾನದ ತೊಟ್ಟಿಯ ಪಕ್ಕದಲ್ಲಿ ಇರುತ್ತದೆ. ದೊಡ್ಡವರೂ ಚೀಟಿ ಹಾಕಬಹುದು.