ತಾನಾಗಿ ಆರಿಹೋಗುವ ಕಂಪ್ಯೂಟರು
(ವಾಚನಾಲಯದ ಭಾನುವಾರದ ಕೂಟದಲ್ಲಿ ಆಡಿದ ಮಾತು)



ನಾವು ಯಂತ್ರಶಾಸ್ತ್ರ ಬಲ್ಲವರಲ್ಲ. ಗಿರಣಿಯಲ್ಲಿ ಲೆಕ್ಕದ ಪುಸ್ತಕ ಬರೆಯುವವರು. ಆದರೂ ಈ ವಾಚನಾಲಯದ ಕಂಪ್ಯೂಟರು ಕಳೆದ ಬೇಸಿಗೆಯಲ್ಲಿ ಕಲಿಸಿದ್ದನ್ನು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದರಿಂದ ಎದ್ದು ನಿಂತಿದ್ದೇವೆ.

ಮೇ ತಿಂಗಳ ಒಂದು ಸಂಜೆ ಸದಸ್ಯರೊಬ್ಬರ ಮಗಳು ನೌಕರಿಯ ಅರ್ಜಿ ತುಂಬಲು ಇಲ್ಲಿ ಕುಳಿತಿದ್ದಳು. ಅಂದೇ ಕಡೆಯ ದಿನ. ಫೋಟೋ, ಅಂಕಪಟ್ಟಿ ಎಲ್ಲ ಏರಿಸಿ ಶುಲ್ಕ ಕಟ್ಟುವ ಹೊತ್ತಿಗೆ ಕಂಪ್ಯೂಟರು ಫಕ್ಕನೆ ಆರಿತು. ಮತ್ತೆ ಹಚ್ಚಿದೆವು, ಐದು ನಿಮಿಷ. ಮತ್ತೆ ಹಚ್ಚಿದೆವು, ಎರಡೇ ನಿಮಿಷ. ಅರ್ಜಿ ಹೋಗಲಿಲ್ಲ. ಆ ಹುಡುಗಿ ಒಂದು ಮಾತೂ ಆಡದೆ ಚೀಲ ಹೆಗಲಿಗೇರಿಸಿ ಹೊರಟುಹೋದಳು. ಅದನ್ನು ನಾವಿನ್ನೂ ಮರೆತಿಲ್ಲ.

ಮರುದಿನ ಬಂದ ರಿಪೇರಿಯವರು ಪೆಟ್ಟಿಗೆಯನ್ನು ಬಿಚ್ಚಿಯೂ ನೋಡದೆ, ಮದರ್‌ಬೋರ್ಡು ಹೋಗಿದೆ, ಹೊಸದು ಹಾಕಿಸಿ ಎಂದರು. ವರ್ಗಣಿ ಎತ್ತುವ ಮಾತೂ ನಡೆಯಿತು. ಪುಣ್ಯಕ್ಕೆ ನಮ್ಮಲ್ಲೊಬ್ಬರು, ಕಾರಕೂನರ ಚಟ ನೋಡಿ, ಆರಿದ ವೇಳೆಗಳನ್ನೆಲ್ಲ ಕಾಗದದಲ್ಲಿ ಬರೆದಿಟ್ಟಿದ್ದರು. ತಣ್ಣಗಿರುವಾಗ ಹಚ್ಚಿದರೆ 40 ನಿಮಿಷ. ಆರಿದ ಕೂಡಲೆ ಹಚ್ಚಿದರೆ ಐದು, ಆಮೇಲೆ ಎರಡು. ಒಂದು ತಾಸು ಬಿಟ್ಟು ಹಚ್ಚಿದರೆ ಪುನಃ 40. ಬೋರ್ಡು ಕೆಟ್ಟಿದ್ದರೆ ಇಷ್ಟು ಕ್ರಮವಾಗಿ ಕೆಡುವುದೆ? ಇದು ಕಾವಿನ ಲಕ್ಷಣ.

ಪ್ರೊಸೆಸರೆಂಬುದು ಕೆಲಸ ಮಾಡುವಾಗ ಬಹಳ ಕಾಯುತ್ತದೆ. ಆ ಕಾವನ್ನು ಹೊರಹಾಕಲು ಅದರ ಮೇಲೆ ಲೋಹದ ರೆಕ್ಕೆಗಳ ಗಟ್ಟಿ, ಅದರ ಮೇಲೊಂದು ಪಂಖ ಇರುತ್ತವೆ. ಕಾವು ಸುಮಾರು 100 ಡಿಗ್ರಿಗೆ ಬಂತೆಂದರೆ ಪ್ರೊಸೆಸರು ಮೊದಲು ನಿಧಾನವಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಯಂತ್ರ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ನಾವು ಸತ್ತಿತೆಂದು ಅಳುತ್ತಿದ್ದಾಗ ಅದು ಜೀವ ಉಳಿಸಿಕೊಳ್ಳುತ್ತಿತ್ತು!

ಹಚ್ಚಿದೊಡನೆ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಒತ್ತುತ್ತಿದ್ದರೆ ಅನೇಕ ಯಂತ್ರಗಳಲ್ಲಿ ಬಯಾಸ್ ಎಂಬ ಪುಟ ತೆರೆಯುತ್ತದೆ. ಕಾವು ಎಷ್ಟೆಂದು ಅಲ್ಲೇ ಕಾಣುವುದುಂಟು. ಆ ಪುಟದಲ್ಲಿರುವಾಗಲೂ ಆರಿದರೆ ವಿಂಡೋಸಿನ ತಪ್ಪಲ್ಲ. ಫಾರ್ಮ್ಯಾಟ್ ಮಾಡಿಸಲು ದುಡ್ಡು ಕೊಡಬೇಡಿ.

ವಯರು ಕಿತ್ತು, ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿದು, ಪೆಟ್ಟಿಗೆಯ ಪಕ್ಕದ ತಗಡನ್ನು ತೆಗೆದೆವು. ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಹತ್ತಿಯ ಧೂಳು ಕೂತ ಮೋಟಾರು ಹೇಗೆ ಕಾಯುತ್ತದೆಂದು ಗಿರಣಿಯವರಿಗೆ ಹೇಳಬೇಕಾಗಿಲ್ಲ. ಇಲ್ಲಿಯ ಧೂಳಿನಲ್ಲಿ ನಮ್ಮ ಅಂಗಿಯ ಮೇಲೆ ಬಂದದ್ದೂ ಒಂದಿಷ್ಟು ಇದ್ದೀತು. ಪಂಖ ಗರಗರ ತಿರುಗದಂತೆ ಬೆರಳಿನಲ್ಲಿ ಹಿಡಿದು, ಒಣ ಬ್ರಶ್ಶಿನಿಂದ ಮೆಲ್ಲಗೆ ತೆಗೆದೆವು. ಪ್ರೊಸೆಸರಿಗೂ ಗಟ್ಟಿಗೂ ನಡುವಿನ ಥರ್ಮಲ್ ಪೇಸ್ಟು ಒಣಗಿ ಸುಣ್ಣದಂತಾಗಿತ್ತು. ಅದನ್ನು ಒರೆಸಿ ತೊಗರಿಕಾಳಿನಷ್ಟು ಹೊಸದನ್ನಿಟ್ಟೆವು. ಒಂದು ಸಣ್ಣ ಟ್ಯೂಬಿನ ಖರ್ಚು, ಅಷ್ಟೆ. ಒಂದು ಎಚ್ಚರಿಕೆ: ವಿದ್ಯುತ್ತು ಒಳಬರುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ವಯರು ಕಿತ್ತ ಮೇಲೂ ಅದರೊಳಗೆ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ.

ಗೆದ್ದೆವೆಂದುಕೊಂಡೆವು. ವಾರ ಕಳೆಯುವುದರೊಳಗೆ ಪುನಃ ಆರಿತು! ಈ ಸಲ ಯಂತ್ರ ತಣ್ಣಗೇ ಇತ್ತು. ಕಾಗದ ನೋಡಿದರೆ ಪ್ರತಿ ಸಲವೂ ಲೇಸರ್ ಪ್ರಿಂಟರು ಕಾಗದ ಎಳೆಯುವ ಹೊತ್ತಿಗೇ ಆರಿತ್ತು. ಪ್ರಿಂಟರನ್ನೂ ಯುಪಿಎಸ್ಸಿಗೇ ಜೋಡಿಸಿದ್ದ ಬುದ್ಧಿವಂತರು ನಾವೇ. ಅದು ಕಾಯುವಾಗ ಒಮ್ಮೆಲೆ ಎಳೆಯುವ ವಿದ್ಯುತ್ತನ್ನು ಸಣ್ಣ ಯುಪಿಎಸ್ಸು ತಾಳಲಾರದು. ಪ್ರಿಂಟರಿಗೆ ಗೋಡೆಯ ಸಾಕೆಟ್ಟು ಕೊಟ್ಟೆವು. ಅಂದಿನಿಂದ ಆ ಕಾಟ ತಪ್ಪಿತು.

ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ 41 ಎಂಬ ಅಂಕೆ ಕಂಡು ಕೆಲವರು ಹೆದರುತ್ತಾರೆ. ಕ್ರಮವಾಗಿ ಮುಚ್ಚದೆ ಆರಿತು ಎಂಬುದಷ್ಟೇ ಅದರ ಅರ್ಥ. ಏಕೆ ಆರಿತೆಂದು ಅದು ಹೇಳುವುದಿಲ್ಲ.

ಕಂಪ್ಯೂಟರಿನ ಪಕ್ಕದಲ್ಲಿ ಈಗ ದಾರ ಕಟ್ಟಿದ ಒಂದು ವಹಿ ತೂಗುಹಾಕಿದ್ದೇವೆ. ಆರಿದರೆ ವೇಳೆಯನ್ನೂ, ಆಗ ಏನು ನಡೆದಿತ್ತೆಂಬುದನ್ನೂ ಬರೆಯಿರಿ. ನಿಮ್ಮ ಮನೆಯದಕ್ಕೂ ಇದೇ ರೋಗವಿದ್ದರೆ ಮುಂದಿನ ಭಾನುವಾರ ಪೆಟ್ಟಿಗೆಯನ್ನಷ್ಟೇ ತನ್ನಿ, ಪರದೆ ಬೇಡ. ಬ್ರಶ್ಶು, ಪೇಸ್ಟು ಇಲ್ಲಿವೆ.